ಒಂದು ಲ್ಯಾಬ್, ಹತ್ತಾರು ಸಂಶೋಧಕರು: ಮೆಷಿನ್‌ಗಳನ್ನು ಜಗಳವಿಲ್ಲದೆ ಹಂಚಿಕೊಳ್ಳುವುದು ಹೇಗೆ?

ಮಾನಿಟರ್‌ಗೆ ಒಂದು ಚೀಟಿ ಅಂಟಿಸಿತ್ತು. "ರನ್ ಆಗ್ತಿದೆ, ದಯವಿಟ್ಟು ಆಫ್ ಮಾಡಬೇಡಿ." ಹೆಸರಿಲ್ಲ, ತಾರೀಖಿಲ್ಲ. ಸಂಶೋಧನಾ ಲ್ಯಾಬ್ ಒಂದನ್ನು ನೋಡಿಕೊಳ್ಳಲು ಶುರು ಮಾಡಿದ ಮೊದಲ ವಾರದಲ್ಲಿ ನಾನು ಕಂಡದ್ದು ಇದು. 11 ದಿನ ಯಾರೂ ಆ ಮೆಷಿನ್ ಮುಟ್ಟಲಿಲ್ಲ. ಕೊನೆಗೆ ಒಳಹೊಕ್ಕು ನೋಡಿದರೆ, ಆ ಪ್ರೋಗ್ರಾಂ ಶುರುವಾದ 40 ನಿಮಿಷಕ್ಕೇ ಎರರ್ ಕೊಟ್ಟು ನಿಂತುಹೋಗಿತ್ತು. ಚೀಟಿ ಅಂಟಿಸಿದವರಿಗೂ ಅದು ಗೊತ್ತಿರಲಿಲ್ಲ, ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದವರಿಗೂ ಗೊತ್ತಿರಲಿಲ್ಲ.

ಆ ಚೀಟಿಯಲ್ಲಿ ಬರೆಯಲೇಬೇಕಾಗಿದ್ದ ಮಾತು ಒಂದಿತ್ತು: ಯಾವಾಗ ಮುಗಿಯುತ್ತದೆ. ಹಂಚಿಕೊಂಡು ಬಳಸುವ ಲ್ಯಾಬ್‌ನಲ್ಲಿ ಪ್ರತಿ ಬಳಕೆಗೂ ಒಂದು ಮುಗಿಯುವ ಸಮಯ ಇರಬೇಕು, ಅದು ಎಲ್ಲರ ಕಣ್ಣಿಗೂ ಕಾಣಬೇಕು. ಈ ಲೇಖನದಲ್ಲಿ ಹೇಳುವ ಹೆಚ್ಚಿನ ನಿಯಮಗಳು ಇದೊಂದರಿಂದಲೇ ಹುಟ್ಟಿದವು. ನಿಮ್ಮದು 6 ಮೆಷಿನ್ ಇರುವ ಪುಟ್ಟ ಕೋಣೆ ಆಗಿರಲಿ, ಸರ್ವರ್‌ಗಳಿರುವ ದೊಡ್ಡ ಲ್ಯಾಬ್ ಆಗಿರಲಿ, ಶುರು ಮಾಡುವ ಕ್ರಮ ಒಂದೇ.

ಹಂತ 1: ಇರುವುದನ್ನು ಎಣಿಸಿ

ಲ್ಯಾಬ್‌ನಲ್ಲಿ ಏನೇನಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಮೆಷಿನ್‌ಗೂ ಒಂದು ಹೆಸರು ಕೊಟ್ಟು ಅದರ ಮೇಲೇ ಅಂಟಿಸಿ. "ಕಿಟಕಿ ಪಕ್ಕದ್ದು" ಅಂತ ಬುಕ್ ಮಾಡಿದರೆ ಗೊಂದಲ ಖಂಡಿತ. ಪ್ರೊಸೆಸರ್ ಕೋರ್ ಎಷ್ಟು, ರ‍್ಯಾಮ್ ಎಷ್ಟು, ಜಿಪಿಯು (ಒಟ್ಟೊಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಗ್ರಾಫಿಕ್ಸ್ ಚಿಪ್) ಇದೆಯಾ, ಇದ್ದರೆ ಅದರ ಮೆಮೊರಿ ಎಷ್ಟು, ಡಿಸ್ಕ್‌ನಲ್ಲಿ ಖಾಲಿ ಜಾಗ ಎಷ್ಟು, ಎಲ್ಲವೂ ಬರಲಿ.

ಆಮೇಲೆ ಸಾಫ್ಟ್‌ವೇರ್ ಲೈಸೆನ್ಸ್‌ಗಳನ್ನೂ ಎಣಿಸಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಕೆಲವು ಸಾಫ್ಟ್‌ವೇರ್‌ಗಳು 12 ಮೆಷಿನ್‌ಗಳಲ್ಲೂ ಇನ್‌ಸ್ಟಾಲ್ ಆಗಿರುತ್ತವೆ, ಆದರೆ ಲೈಸೆನ್ಸ್ ಸರ್ವರ್ ಒಂದೇ ಹೊತ್ತಿಗೆ 3 ಜನರಿಗೆ ಮಾತ್ರ ತೆರೆಯಲು ಬಿಡುತ್ತದೆ. ನಾಲ್ಕನೆಯವರಿಗೆ ಮೆಷಿನ್ ಖಾಲಿ ಸಿಕ್ಕರೂ ಕೆಲಸ ಆಗುವುದಿಲ್ಲ. ಅಂಥ ಕಡೆ ಮೆಷಿನ್ ಬುಕ್ ಮಾಡಿ ಪ್ರಯೋಜನವಿಲ್ಲ, ಲೈಸೆನ್ಸ್ ಬುಕ್ ಮಾಡಬೇಕು. ಯಾವುದು ಕಡಿಮೆ ಇದೆಯೋ ಅದನ್ನೇ ಹಂಚಿ. ಉಳಿದವು ತಾವಾಗಿಯೇ ಸಾಲುತ್ತವೆ.

ಪಟ್ಟಿ ಆದ ಮೇಲೆ ಒಂದು ವಾರ ಸುಮ್ನೆ ಗಮನಿಸಿ. ನಿಯಮ ಏನೂ ಬೇಡ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟು, ಬಂದವರು ಯಾವ ಮೆಷಿನ್, ಎಷ್ಟು ಹೊತ್ತು, ಏನು ಕೆಲಸ ಅಂತ ಬರೆಯಲಿ. ವಾರದ ಕೊನೆಗೆ ಅದನ್ನು ಓದಿದರೆ ಆಶ್ಚರ್ಯವಾಗುತ್ತದೆ. ಇಡೀ ಲ್ಯಾಬೇ ಸಾಲುತ್ತಿಲ್ಲ ಅಂದುಕೊಂಡಿರುತ್ತೇವೆ. ನೋಡಿದರೆ ಮಧ್ಯಾಹ್ನ 2ರಿಂದ 6ರವರೆಗೆ ಮಾತ್ರ ನೂಕುನುಗ್ಗಲು, ರಾತ್ರಿಯಿಡೀ ಎಲ್ಲ ಮೆಷಿನ್ ಖಾಲಿ.

ಹಂತ 2: ಕೂತು ಮಾಡುವ ಕೆಲಸ ಬೇರೆ, ಬಿಟ್ಟು ಹೋಗುವ ಕೆಲಸ ಬೇರೆ

ಲ್ಯಾಬ್‌ಗೆ ಬರುವವರು ಎರಡು ಥರದ ಕೆಲಸ ತರುತ್ತಾರೆ. ಕೋಡ್ ಬರೆಯುವುದು, ಗ್ರಾಫ್ ತಿದ್ದುವುದು, ತಪ್ಪು ಹುಡುಕುವುದು ಇವೆಲ್ಲ ಮನುಷ್ಯ ಎದುರಿಗೆ ಕೂತು ಮಾಡುವ ಕೆಲಸ. ಸಿಮ್ಯುಲೇಶನ್, ಮಾಡೆಲ್ ಟ್ರೈನಿಂಗ್, ದೊಡ್ಡ ಡೇಟಾ ವಿಶ್ಲೇಷಣೆ ಇವು ಶುರು ಮಾಡಿ ಬಿಟ್ಟು ಹೋಗುವ ಕೆಲಸ. ಇವೆರಡನ್ನೂ ಒಂದೇ ಮೆಷಿನ್ ಮೇಲೆ ಬಿಟ್ಟರೆ ಇಬ್ಬರಿಗೂ ಹಿಂಸೆ. ಕೂತವರಿಗೆ ಮೌಸ್ ಅಲ್ಲಾಡಿಸಿದರೂ ಮೆಷಿನ್ ಸ್ಪಂದಿಸುವುದಿಲ್ಲ. ಬಿಟ್ಟು ಹೋದವರಿಗೆ ಯಾರು ಯಾವಾಗ ರೀಸ್ಟಾರ್ಟ್ ಮಾಡುತ್ತಾರೋ ಅನ್ನುವ ಭಯ.

ಆದ್ದರಿಂದ ಮೆಷಿನ್‌ಗಳನ್ನು ಎರಡು ಗುಂಪು ಮಾಡಿ. ಶಕ್ತಿಯಿರುವ ಮೆಷಿನ್‌ಗಳು ದೀರ್ಘ ರನ್‌ಗಳಿಗೆ. ಅವುಗಳ ಮುಂದೆ ಕುರ್ಚಿಯೇ ಬೇಡ, ಸಾಧ್ಯವಾದರೆ ಮಾನಿಟರ್ ಕೂಡ ತೆಗೆದುಬಿಡಿ. ಎಸ್‌ಎಸ್‌ಎಚ್ ಮೂಲಕ ದೂರದಿಂದಲೇ ಲಾಗಿನ್ ಆಗಲಿ. ಸಾಧಾರಣ ಮೆಷಿನ್‌ಗಳು ಕೂತು ಮಾಡುವವರಿಗೆ. ಒಂದು ಮೆಷಿನ್ ಮಾತ್ರ ಯಾರೂ ಬುಕ್ ಮಾಡದ ಹಾಗೆ ಇಟ್ಟುಕೊಳ್ಳಿ. ಅರ್ಧ ಗಂಟೆಯ ಕೆಲಸ ಇದ್ದವರು ಬಂದು ಮುಗಿಸಿ ಹೋಗಲಿ. ಈ ಒಂದು ಮೆಷಿನ್ ಎಷ್ಟು ಜಗಳ ತಪ್ಪಿಸುತ್ತದೆ ಅಂದರೆ, ಲ್ಯಾಬ್ ಎಷ್ಟೇ ಚಿಕ್ಕದಿದ್ದರೂ ಇದನ್ನು ಬಿಟ್ಟುಕೊಡಬೇಡಿ ಅಂತಲೇ ಹೇಳುತ್ತೇನೆ.

ಬೇರೆ ದಾರಿಯೇ ಇಲ್ಲ, ಒಂದೇ ಮೆಷಿನ್ ಮೇಲೆ ಎರಡೂ ನಡೆಯಬೇಕು ಅಂದರೆ, ಲಿನಕ್ಸ್‌ನಲ್ಲಿ ನೈಸ್ ಅನ್ನುವ ಕಮಾಂಡ್ ಇದೆ. ದೀರ್ಘ ರನ್‌ಗೆ ನೈಸ್ ಬೆಲೆ 19, ಅಂದರೆ ಎಲ್ಲಕ್ಕಿಂತ ಕಡಿಮೆ ಆದ್ಯತೆ, ಕೊಟ್ಟು ಶುರು ಮಾಡಿ. ಎದುರಿಗೆ ಕೂತವರಿಗೆ ಪ್ರೊಸೆಸರ್ ಬೇಕಾದಾಗ ಅದು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ನೆನಪಿಡಿ, ಇದು ಪ್ರೊಸೆಸರ್‌ಗೆ ಮಾತ್ರ. ರ‍್ಯಾಮ್ ತುಂಬಿದರೆ ನೈಸ್ ಏನೂ ಮಾಡಲಾರದು.

ಹಂತ 3: ಬುಕಿಂಗ್ ಹಾಳೆ

ಶುರುವಿಗೆ ದೊಡ್ಡ ವ್ಯವಸ್ಥೆ ಬೇಕಿಲ್ಲ. ಎಲ್ಲರೂ ನೋಡಬಹುದಾದ, ಎಲ್ಲರೂ ಬರೆಯಬಹುದಾದ ಒಂದು ಆನ್‌ಲೈನ್ ಕ್ಯಾಲೆಂಡರ್ ಅಥವಾ ಶೀಟ್ ಸಾಕು. ಪ್ರತಿ ಬುಕಿಂಗ್‌ನಲ್ಲಿ ಇಷ್ಟು ಇರಲಿ: ಹೆಸರು, ಮೆಷಿನ್, ಶುರುವಾಗುವ ಸಮಯ, ಮುಗಿಯುವ ಸಮಯ, ಒಂದು ಸಾಲಿನಲ್ಲಿ ಕೆಲಸ, ತುರ್ತಿಗೆ ಸಿಗುವ ಫೋನ್ ನಂಬರ್. ಮುಗಿಯುವ ಸಮಯ ಬರೆಯದಿದ್ದರೆ ಆ ಬುಕಿಂಗ್ ಲೆಕ್ಕಕ್ಕಿಲ್ಲ ಅಂತ ಮೊದಲ ದಿನವೇ ಹೇಳಿಬಿಡಿ.

ಅಳತೆಗಳನ್ನು ನಿಮ್ಮ ಲ್ಯಾಬ್‌ಗೆ ತಕ್ಕಂತೆ ಇಟ್ಟುಕೊಳ್ಳಿ. ನಾನು ಶುರು ಮಾಡುವುದು ಹೀಗೆ. ಕೂತು ಮಾಡುವ ಕೆಲಸಕ್ಕೆ 3 ಗಂಟೆಯ ಸ್ಲಾಟ್. ಬಿಟ್ಟು ಹೋಗುವ ಕೆಲಸಕ್ಕೆ ಒಮ್ಮೆಗೆ ಹೆಚ್ಚೆಂದರೆ 48 ಗಂಟೆ. ಒಬ್ಬರ ಹೆಸರಿನಲ್ಲಿ ಮುಂದಿನ ದಿನಗಳಿಗೆ 2 ಬುಕಿಂಗ್ ಮಾತ್ರ. 2 ವಾರಕ್ಕಿಂತ ಮುಂಚೆ ಬುಕ್ ಮಾಡುವಂತಿಲ್ಲ. ಕೊನೆಯ ಎರಡು ನಿಯಮ ಇಲ್ಲದಿದ್ದರೆ, ಬಸ್ಸಿನಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿದಂತೆ ಇಡೀ ಸೆಮಿಸ್ಟರ್ ಒಬ್ಬರೇ ಹಿಡಿದುಬಿಡುತ್ತಾರೆ.

ಬುಕ್ ಮಾಡಿ ಬರದೆ ಹೋದರೆ? 20 ನಿಮಿಷ ಕಾಯಿರಿ, ಆಮೇಲೆ ಸ್ಲಾಟ್ ಖಾಲಿ ಅಂತ ಲೆಕ್ಕ. ದಂಡ ಗಿಂಡ ಬೇಡ. ಬೇಡವಾದ ಬುಕಿಂಗ್ ತೆಗೆದುಹಾಕುವುದನ್ನು ಸುಲಭ ಮಾಡಿ, ಅಷ್ಟೇ. ಫೋನಿನಲ್ಲೇ ಒಂದು ನಿಮಿಷದಲ್ಲಿ ಆಗುವಂತಿದ್ದರೆ ಜನ ಖಂಡಿತ ತೆಗೆಯುತ್ತಾರೆ.

ಹಂತ 4: ಹಾಳೆ ಸಾಲದಾದಾಗ ಕ್ಯೂ

ಬಿಟ್ಟು ಹೋಗುವ ಕೆಲಸಗಳು ಜಾಸ್ತಿಯಾದಂತೆ ಬುಕಿಂಗ್ ಹಾಳೆ ಸೋಲುತ್ತದೆ. ಒಬ್ಬರ ರನ್ ಬೆಳಗಿನ ಜಾವ 3ಕ್ಕೆ ಮುಗಿದರೆ, ಮುಂದಿನವರು 9ಕ್ಕೆ ಎದ್ದು ಬಂದು ಶುರು ಮಾಡುವವರೆಗೆ ಮೆಷಿನ್ ಖಾಲಿ. ಇಲ್ಲಿ ಜಾಬ್ ಶೆಡ್ಯೂಲರ್ ಬೇಕು, ಅಂದರೆ ಕೆಲಸಗಳನ್ನು (ಜಾಬ್) ಸಾಲಿನಲ್ಲಿಟ್ಟು ತಾನೇ ಶುರು ಮಾಡುವ ತಂತ್ರಾಂಶ. ಸ್ಲರ್ಮ್ ಅನ್ನುವುದು ಹೆಚ್ಚು ಬಳಕೆಯಲ್ಲಿರುವ ಶೆಡ್ಯೂಲರ್. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಅದು. ಜಗತ್ತಿನ ದೊಡ್ಡ ದೊಡ್ಡ ಸೂಪರ್‌ಕಂಪ್ಯೂಟರ್‌ಗಳಲ್ಲಿ ನಡೆಯುತ್ತದೆ, 2 ಮೆಷಿನ್‌ನ ಲ್ಯಾಬ್‌ನಲ್ಲೂ ನಡೆಯುತ್ತದೆ. ನಿಮ್ಮ ಕೆಲಸವನ್ನು ಒಂದು ಸ್ಕ್ರಿಪ್ಟ್‌ನಲ್ಲಿ ಬರೆದು, ಎಷ್ಟು ಕೋರ್, ಎಷ್ಟು ಮೆಮೊರಿ, ಎಷ್ಟು ಜಿಪಿಯು, ಎಷ್ಟು ಹೊತ್ತು ಅಂತ ಹೇಳಿ ಕ್ಯೂಗೆ ಹಾಕುತ್ತೀರಿ. ಜಾಗ ಆದ ಕೂಡಲೇ ಅದೇ ಶುರು ಮಾಡುತ್ತದೆ. ಬೆಳಗಿನ ಜಾವ 3 ಗಂಟೆಯಾದರೂ ಸರಿ.

ಇದರಲ್ಲಿ ಎರಡು ಸಂಗತಿ ಎಲ್ಲರಿಗೂ ಅರ್ಥವಾಗಬೇಕು. ಇಲ್ಲದಿದ್ದರೆ "ನನ್ನ ಜಾಬ್ ಯಾಕೆ ಹಿಂದೆ ಬಿತ್ತು?" ಅನ್ನುವ ಪ್ರಶ್ನೆ ದಿನಾ ಬರುತ್ತದೆ.

ಒಂದು, ಫೇರ್‌ಶೇರ್. ಯಾರು ಈಚೆಗೆ ಜಾಸ್ತಿ ಬಳಸಿದ್ದಾರೋ ಅವರ ಹೊಸ ಜಾಬ್ ಸ್ವಲ್ಪ ಹಿಂದೆ ಹೋಗುತ್ತದೆ, ಕಡಿಮೆ ಬಳಸಿದವರದ್ದು ಮುಂದೆ ಬರುತ್ತದೆ. ಹಳೆಯ ಬಳಕೆಯನ್ನು ಅದು ನಿಧಾನವಾಗಿ ಮರೆಯುತ್ತದೆ. ಸ್ಲರ್ಮ್‌ನಲ್ಲಿ ಏನೂ ಬದಲಿಸದೆ ಬಿಟ್ಟರೆ ಈ ಲೆಕ್ಕ 7 ದಿನಕ್ಕೆ ಅರ್ಧವಾಗುತ್ತದೆ. ಅಂದರೆ ಕಳೆದ ವಾರ ನೀವು ಬಳಸಿದ 100 ಗಂಟೆ ಇವತ್ತಿಗೆ 50 ಗಂಟೆಯಷ್ಟೇ ತೂಗುತ್ತದೆ. ಚಿಕ್ಕ ಲ್ಯಾಬ್‌ಗೆ 14 ದಿನ ಇಟ್ಟರೆ ನನ್ನ ಅನುಭವದಲ್ಲಿ ಚೆನ್ನ. ಇದು ಕೆಲಸ ಮಾಡಬೇಕಾದರೆ ಬಳಕೆಯ ಲೆಕ್ಕ ಇಡುವ ಡೇಟಾಬೇಸ್ ಕೂಡ ಹೊಂದಿಸಬೇಕು. ಅದನ್ನು ಬಿಟ್ಟು ಹೊಂದಿಸಿ ಫೇರ್‌ಶೇರ್ ಬರಲಿಲ್ಲ ಅನ್ನುವವರು ಬಹಳ.

ಎರಡು, ಬ್ಯಾಕ್‌ಫಿಲ್. ಇದನ್ನು ಒಂದು ಉದಾಹರಣೆಯಲ್ಲೇ ನೋಡೋಣ. ಒಂದು ಸರ್ವರ್‌ನಲ್ಲಿ 4 ಜಿಪಿಯು ಇವೆ. ಒಂದರಲ್ಲಿ ಒಬ್ಬರ ಜಾಬ್ ನಡೆಯುತ್ತಿದೆ, ಅದು ಮುಗಿಯಲು ಇನ್ನೂ 6 ಗಂಟೆ ಬೇಕು. ಕ್ಯೂನಲ್ಲಿ ಮೊದಲು ನಿಂತವರಿಗೆ 4 ಜಿಪಿಯು ಒಟ್ಟಿಗೆ ಬೇಕು. ಅವರು ಆ 6 ಗಂಟೆ ಕಾಯಲೇಬೇಕು, ಅಲ್ವಾ? ಅಲ್ಲಿಯವರೆಗೆ 3 ಜಿಪಿಯು ಖಾಲಿ ಬಿದ್ದಿರುತ್ತವೆ. ಈಗ ಹಿಂದೆ ನಿಂತ ನೀವು "ನನಗೆ 1 ಜಿಪಿಯು, 5 ಗಂಟೆ ಸಾಕು" ಅಂತ ಕೇಳಿದ್ದರೆ, ಸ್ಲರ್ಮ್ ನಿಮ್ಮನ್ನು ಆ ಸಂದಿಯಲ್ಲಿ ಈಗಲೇ ಒಳಗೆ ಬಿಡುತ್ತದೆ. ನಿಮಗಿಂತ ಮುಂದೆ ನಿಂತವರಿಗೆ ಒಂದು ನಿಮಿಷವೂ ತಡವಾಗುವುದಿಲ್ಲ. ಅದೇ ಕೆಲಸಕ್ಕೆ "ಇರಲಿ ಅಂತ" 24 ಗಂಟೆ ಕೇಳಿದ್ದರೆ? ಸಂದಿಯಲ್ಲಿ ನೀವು ಹಿಡಿಸುವುದಿಲ್ಲ. ಹಿಂದೆಯೇ ನಿಲ್ಲಬೇಕು.

ಅದಕ್ಕೇ ಸಮಯವನ್ನು ಅಳೆದು ಕೇಳಿ. ಮೊದಲು ಚಿಕ್ಕ ಡೇಟಾ ಇಟ್ಟು ರನ್ ಮಾಡಿ, ಪೂರ್ತಿ ಕೆಲಸಕ್ಕೆ ಎಷ್ಟಾಗಬಹುದು ಅಂತ ಲೆಕ್ಕ ಹಾಕಿ, ಮೇಲೆ ಕಾಲು ಭಾಗ ಸೇರಿಸಿ. ತೀರಾ ಬಿಗಿಯಾಗಿಯೂ ಕೇಳಬೇಡಿ. ಸಮಯ ಮೀರಿದರೆ ಸ್ಲರ್ಮ್ ಮೊದಲು ನಿಲ್ಲಿಸು ಅಂತ ಸಿಗ್ನಲ್ ಕಳಿಸುತ್ತದೆ, ನಿಲ್ಲದಿದ್ದರೆ ಸಾಮಾನ್ಯವಾಗಿ 30 ಸೆಕೆಂಡಿಗೆ ಬಲವಂತವಾಗಿ ಮುಗಿಸುತ್ತದೆ. ಮೆಮೊರಿಗೂ ಇದೇ ಮಾತು. ಹಳೆಯ ಜಾಬ್ ನಿಜಕ್ಕೂ ಎಷ್ಟು ಮೆಮೊರಿ ತಿಂದಿತು ಅಂತ ಎಸ್‌ಆ್ಯಕ್ಟ್ ಕಮಾಂಡ್ ತೋರಿಸುತ್ತದೆ. ಅದನ್ನು ನೋಡಿ ಮುಂದಿನದಕ್ಕೆ ಕೇಳಿ.

ಹಂತ 5: ನಿಲ್ಲಿಸಿದರೆ ಮತ್ತೆ ಮುಂದುವರಿಯುವಂತೆ ಬರೆಯಿರಿ

"48 ಗಂಟೆ ಮಿತಿ ಅಂತೀರಿ, ನನ್ನ ರನ್‌ಗೆ 6 ದಿನ ಬೇಕು." ಈ ಮಾತು ಪ್ರತಿ ಲ್ಯಾಬ್‌ನಲ್ಲೂ ಬರುತ್ತದೆ. ಉತ್ತರ ಚೆಕ್‌ಪಾಯಿಂಟ್. ನನ್ನ ಮಟ್ಟಿಗೆ ಲ್ಯಾಬ್ ಹಂಚಿಕೊಳ್ಳುವುದು ಸಾಧ್ಯವಾಗುವುದೇ ಇದರಿಂದ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ಪ್ರೋಗ್ರಾಂ ಪ್ರತಿ ಅರ್ಧ ಗಂಟೆಗೊಮ್ಮೆ ತಾನು ಎಲ್ಲಿದೆ ಅಂತ ಡಿಸ್ಕ್‌ಗೆ ಬರೆದಿಡಲಿ. ಶುರುವಾದಾಗ ಮೊದಲು ಅಂಥ ಫೈಲ್ ಇದೆಯಾ ಅಂತ ನೋಡಲಿ. ಇದ್ದರೆ ಅಲ್ಲಿಂದ ಮುಂದುವರಿಯಲಿ, ಇಲ್ಲದಿದ್ದರೆ ಮೊದಲಿನಿಂದ. ಏನೇನು ಉಳಿಸಬೇಕು? ಎಷ್ಟನೇ ಹೆಜ್ಜೆಯಲ್ಲಿದ್ದೇವೆ ಅನ್ನುವುದು, ಅಲ್ಲಿಯವರೆಗಿನ ಫಲಿತಾಂಶ, ರ‍್ಯಾಂಡಮ್ ಸಂಖ್ಯೆ ಕೊಡುವ ಜನರೇಟರ್‌ನ ಸ್ಥಿತಿ. ಮಾಡೆಲ್ ಟ್ರೈನಿಂಗ್ ಆದರೆ ವೇಟ್‌ಗಳ (ಮಾಡೆಲ್ ಕಲಿತ ಸಂಖ್ಯೆಗಳು) ಜೊತೆ ಆಪ್ಟಿಮೈಜರ್‌ನ (ಅವನ್ನು ತಿದ್ದುತ್ತಾ ಹೋಗುವ ಭಾಗ) ಸ್ಥಿತಿಯೂ ಬೇಕು. ಬರೀ ವೇಟ್ ಉಳಿಸಿ ಮುಂದುವರಿಸಿದರೆ ಟ್ರೈನಿಂಗ್ ಮುಗ್ಗರಿಸಿದಂತೆ ಆಗುತ್ತದೆ.

ಬರೆಯುವ ಕ್ರಮದಲ್ಲಿ ಒಂದು ಎಚ್ಚರಿಕೆ. ಹಳೆಯ ಚೆಕ್‌ಪಾಯಿಂಟ್ ಮೇಲೆಯೇ ಹೊಸದನ್ನು ಬರೆಯಬೇಡಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತನ್ನಿ. ಎರಡೂ ಒಂದೇ ಫೋಲ್ಡರ್‌ನಲ್ಲಿರಲಿ. ಆಗ ಓದುವವರಿಗೆ ಹಳೆಯದೋ ಹೊಸದೋ ಒಂದು ಪೂರ್ತಿ ಫೈಲ್ ಸಿಗುತ್ತದೆ, ಅರೆಬರೆಯದು ಸಿಗುವುದಿಲ್ಲ.

ಆಮೇಲೆ ಪರೀಕ್ಷೆ ಮಾಡಿ. ರನ್ ಶುರು ಮಾಡಿ, ಒಂದು ಚೆಕ್‌ಪಾಯಿಂಟ್ ಬರೆದ ಮೇಲೆ ನೀವೇ ಕೈಯಾರೆ ಅದನ್ನು ಕೊಲ್ಲಿ, ಮತ್ತೆ ಶುರು ಮಾಡಿ. ಮುಂದುವರಿಯಿತಾ? ಈ ಪರೀಕ್ಷೆ ಮಾಡದ ಚೆಕ್‌ಪಾಯಿಂಟ್ ಅನ್ನು ನಂಬಬೇಡಿ. ನಾನು ನಂಬಿ ಕೆಟ್ಟಿದ್ದೇನೆ. 5 ದಿನದ ರನ್, ನಾಲ್ಕನೆಯ ದಿನ ಮೆಷಿನ್ ತಾನಾಗಿಯೇ ಅಪ್‌ಡೇಟ್ ಮಾಡಿಕೊಂಡು ರೀಸ್ಟಾರ್ಟ್ ಆಯಿತು. ಚೆಕ್‌ಪಾಯಿಂಟ್ ಫೈಲ್‌ಗಳು ಸಾಲಾಗಿ ಇದ್ದವು, ಆದರೆ ಓದುವ ಕೋಡ್‌ನಲ್ಲಿ ಫೋಲ್ಡರ್ ಹೆಸರು ತಪ್ಪಿತ್ತು. ಪ್ರೋಗ್ರಾಂ ಸದ್ದಿಲ್ಲದೆ ಮೊದಲಿನಿಂದ ಶುರುವಾಗಿ, ಇದ್ದ ಫೈಲ್‌ಗಳ ಮೇಲೆ ಒಂದೊಂದಾಗಿ ಬರೆಯುತ್ತಾ ಹೋಯಿತು. ನಾನು ನೋಡಿದ್ದು ಮರುದಿನ ಬೆಳಿಗ್ಗೆ.

ಹಂತ 6: ಹಿಡಿದು ಕೂತ ಮೆಮೊರಿ

ಜಿಪಿಯು ಇರುವ ಲ್ಯಾಬ್‌ಗಳಲ್ಲಿ ಒಂದು ಕಾಯಿಲೆ ಸಾಮಾನ್ಯ. ಎನ್ವಿಡಿಯಾ ಕಾರ್ಡ್ ಇದ್ದರೆ ಅದರ ಎಸ್‌ಎಂಐ ಕಮಾಂಡ್ ಓಡಿಸಿ ನೋಡಿ. ಮೆಮೊರಿ ಪೂರ್ತಿ ತುಂಬಿರುತ್ತದೆ, ಆದರೆ ಕೆಲಸದ ಪ್ರಮಾಣ 0% ಅಂತ ತೋರಿಸುತ್ತದೆ. ಯಾರೋ ಜುಪಿಟರ್ ನೋಟ್‌ಬುಕ್ (ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಪುಟ) ತೆರೆದು, ಬ್ರೌಸರ್ ಟ್ಯಾಬ್ ಮುಚ್ಚಿ ಮನೆಗೆ ಹೋಗಿದ್ದಾರೆ. ಟ್ಯಾಬ್ ಮುಚ್ಚಿದರೆ ಕರ್ನಲ್, ಅಂದರೆ ಹಿಂದೆ ಆ ಕೋಡ್ ಓಡಿಸುವ ಪ್ರೋಗ್ರಾಂ, ನಿಲ್ಲುವುದಿಲ್ಲ. ಅದು ಮೆಮೊರಿ ಹಿಡಿದುಕೊಂಡೇ ಇರುತ್ತದೆ. ಹೋದವರಿಗೆ ಇದು ಗೊತ್ತೇ ಇರುವುದಿಲ್ಲ, ಪಾಪ.

ಎಲ್ಲರಿಗೂ ಇದನ್ನು ಒಮ್ಮೆ ತೆರೆಯ ಮೇಲೆ ತೋರಿಸಿ. ಬಾಯಿ ಮಾತಿಗಿಂತ ಅದು ಚೆನ್ನಾಗಿ ತಲೆಗೆ ಹೋಗುತ್ತದೆ. ಎದ್ದು ಹೋಗುವ ಮುಂಚೆ ಕರ್ನಲ್ ಶಟ್‌ಡೌನ್ ಮಾಡುವ ಅಭ್ಯಾಸ ಮಾಡಿಸಿ. ಎಲ್ಲರಿಗೂ ಒಂದೇ ಕಡೆಯಿಂದ ನೋಟ್‌ಬುಕ್ ಕೊಡುವ ಜುಪಿಟರ್‌ಹಬ್ ಇಟ್ಟಿದ್ದರೆ, 2 ಗಂಟೆ ಸುಮ್ಮನಿದ್ದ ನೋಟ್‌ಬುಕ್ ತಾನಾಗಿಯೇ ಮುಚ್ಚುವಂತೆ ಹೊಂದಿಸಬಹುದು.

ಹಂತ 7: ಡಿಸ್ಕ್

ಡಿಸ್ಕ್ ತುಂಬಿದರೆ ಒಬ್ಬರ ಜಾಬ್ ಸಾಯುವುದಿಲ್ಲ, ಎಲ್ಲರದ್ದೂ ಒಟ್ಟಿಗೆ ಸಾಯುತ್ತದೆ. ಜಾಗವನ್ನು ಮೂರು ಮಾಡಿ: ಪ್ರತಿಯೊಬ್ಬರಿಗೂ ಕೋಟಾ ಇರುವ ಹೋಮ್ ಫೋಲ್ಡರ್, ತಂಡಕ್ಕೆ ಒಂದು ಪ್ರಾಜೆಕ್ಟ್ ಫೋಲ್ಡರ್, ರನ್ ಆಗುವಾಗ ಬಳಸುವ ಸ್ಕ್ರ್ಯಾಚ್. ಸ್ಕ್ರ್ಯಾಚ್‌ನಲ್ಲಿ 30 ದಿನ ಮುಟ್ಟದ ಫೈಲ್ ಅಳಿಸಲಾಗುವುದು ಅಂತ ನಿಯಮ ಇಡಿ, ಅಳಿಸುವ ಒಂದು ವಾರ ಮುಂಚೆ ಮೇಲ್ ಹೋಗಲಿ. ಇನ್ನೊಂದು ಮಾತು. ರೇಡ್ (ಹಲವು ಡಿಸ್ಕ್‌ಗಳನ್ನು ಜೋಡಿಸಿ ಒಂದರಂತೆ ಬಳಸುವ ವ್ಯವಸ್ಥೆ) ಇದೆ, ಬ್ಯಾಕಪ್ ಯಾಕೆ ಅನ್ನುವವರು ಇದ್ದಾರೆ. ರೇಡ್ ಒಂದು ಡಿಸ್ಕ್ ಕೆಟ್ಟರೆ ಕಾಪಾಡುತ್ತದೆ. ನೀವೇ ತಪ್ಪಿ ಅಳಿಸಿದ ಫೋಲ್ಡರ್ ಅನ್ನು ಅದು ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಮುಖ್ಯ ಡೇಟಾದ 3 ಪ್ರತಿ, 2 ಬೇರೆ ಥರದ ಮಾಧ್ಯಮ, 1 ಪ್ರತಿ ಬೇರೆ ಕಟ್ಟಡದಲ್ಲಿ. ಇದು ಹಳೆಯ ಸೂತ್ರ, ಈಗಲೂ ಸರಿಯೇ.

ಹಂತ 8: ಲಾಗಿನ್, ರಿಪೇರಿ ದಿನ

ಪ್ರತಿಯೊಬ್ಬರಿಗೂ ಅವರದ್ದೇ ಲಾಗಿನ್. ಇಡೀ ಲ್ಯಾಬ್‌ಗೆ ಒಂದೇ ಪಾಸ್‌ವರ್ಡ್ ಇದ್ದರೆ ಯಾರು ಏನು ಬಳಸಿದರು ಅನ್ನುವ ಲೆಕ್ಕವೇ ಸಿಗುವುದಿಲ್ಲ. ಅಡ್ಮಿನ್ ಹಕ್ಕು ಇಬ್ಬರಿಗೆ ಮಾತ್ರ. ಉಳಿದವರು ತಮಗೆ ಬೇಕಾದ ಪ್ಯಾಕೇಜ್‌ಗಳನ್ನು ಕೊಂಡಾ (ಪ್ಯಾಕೇಜ್‌ಗಳನ್ನು ಬೇರೆ ಬೇರೆಯಾಗಿ ಇಡುವ ಸಾಧನ) ಅಥವಾ ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ತಮ್ಮ ಫೋಲ್ಡರ್‌ನಲ್ಲೇ ಹಾಕಿಕೊಳ್ಳಲಿ. ಆಗ ಒಬ್ಬರ ಹೊಸ ವರ್ಶನ್ ಇನ್ನೊಬ್ಬರ ಕೋಡ್ ಕೆಡಿಸುವುದಿಲ್ಲ.

ತಾನಾಗಿಯೇ ರೀಸ್ಟಾರ್ಟ್ ಆಗುವ ಅಪ್‌ಡೇಟ್ ನಿಲ್ಲಿಸಿ. ಅದರ ಬದಲು ತಿಂಗಳಿಗೊಂದು ರಿಪೇರಿ ದಿನ ಗೊತ್ತುಮಾಡಿ, ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಆ ದಿನ ತಪ್ಪದೆ ಹಾಕಿ. ಸ್ಲರ್ಮ್‌ನಲ್ಲಿ ಆ ಹೊತ್ತನ್ನು ಮೊದಲೇ ರಿಸರ್ವ್ ಮಾಡಿಟ್ಟರೆ, ಅಷ್ಟರೊಳಗೆ ಮುಗಿಯದ ಜಾಬ್ ಅನ್ನು ಅದು ಶುರುವೇ ಮಾಡುವುದಿಲ್ಲ. ಯಾರ ರನ್ ಕೂಡ ಅರ್ಧಕ್ಕೆ ನಿಲ್ಲಿಸಬೇಕಾಗಿಲ್ಲ.

ಹಂತ 9: ಡೆಡ್‌ಲೈನ್ ಬಂದಾಗ

ಎಂಐಟಿಯಲ್ಲಿ 1961ರಲ್ಲಿ ಫರ್ನಾಂಡೊ ಕಾರ್ಬಟೊ ಅವರ ತಂಡ ಸಿಟಿಎಸ್‌ಎಸ್ ಅನ್ನುವ ವ್ಯವಸ್ಥೆ ತೋರಿಸಿತು. ಒಂದೇ ಕಂಪ್ಯೂಟರ್ ಅನ್ನು ಹಲವರು ಒಟ್ಟಿಗೆ ಬಳಸುವ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಲನ್ ಶೆರ್ ಅವರಿಗೆ ವಾರಕ್ಕೆ 4 ಗಂಟೆ ಸಿಗುತ್ತಿತ್ತು. ಸಿಮ್ಯುಲೇಶನ್‌ಗೆ ಅದು ಸಾಲಲಿಲ್ಲ. 1962ರಲ್ಲಿ ಅವರು ಪಾಸ್‌ವರ್ಡ್ ಫೈಲ್ ಅನ್ನೇ ಪ್ರಿಂಟ್ ಹಾಕಿಸಿಕೊಂಡು, ಬೇರೆಯವರ ಲೆಕ್ಕದಲ್ಲಿ ಕೆಲಸ ಮಾಡಿದರು. ಎಷ್ಟೋ ವರ್ಷಗಳ ನಂತರ ಅವರೇ ಇದನ್ನು ಒಪ್ಪಿಕೊಂಡರು.

ನನಗೆ ಇದರಲ್ಲಿ ಕಾಣುವುದು ಕಳ್ಳತನಕ್ಕಿಂತ ಜಾಸ್ತಿ, ಕೇಳಲು ದಾರಿಯಿಲ್ಲದ ಒಬ್ಬ ವಿದ್ಯಾರ್ಥಿ. ಕೋಟಾ ಮೀರಿ ಬೇಕಾದಾಗ ಯಾರನ್ನು ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ ಅನ್ನುವುದು ಲ್ಯಾಬ್‌ನಲ್ಲಿ ಎಲ್ಲರಿಗೂ ಗೊತ್ತಿರಬೇಕು. ಒಬ್ಬ ಅಧ್ಯಾಪಕರು, ಒಬ್ಬ ಹಿರಿಯ ಸಂಶೋಧನಾ ವಿದ್ಯಾರ್ಥಿ, ಇಬ್ಬರೇ ಸಾಕು. 2 ದಿನದೊಳಗೆ ಉತ್ತರ ಕೊಡಲಿ.

ಬುಕಿಂಗ್ ಹಾಳೆಯ ಪಕ್ಕದಲ್ಲೇ ಡೆಡ್‌ಲೈನ್ ಹಾಳೆ ಇಡಿ. ಯಾರ ಪ್ರಬಂಧ ಸಲ್ಲಿಕೆ ಯಾವಾಗ, ಯಾವ ಕಾನ್ಫರೆನ್ಸ್‌ಗೆ ಪೇಪರ್ ಕಳಿಸಬೇಕು, ಎಲ್ಲ ತಿಂಗಳ ಮುಂಚೆಯೇ ಬರಲಿ. ಡೆಡ್‌ಲೈನ್‌ಗೆ 10 ದಿನ ಇರುವಾಗ ಅವರಿಗೆ ಹೆಚ್ಚು ಪಾಲು ಕೊಡಿ, ಮುಗಿದ ಮೇಲೆ ಅಷ್ಟು ದಿನ ಅವರು ಹಿಂದೆ ನಿಲ್ಲಲಿ. ಕೊನೆಯ ರಾತ್ರಿ ಓಡಿ ಬಂದು "ಅರ್ಜೆಂಟ್" ಅನ್ನುವವರಿಗಾಗಿ ನಡೆಯುತ್ತಿರುವ ಇನ್ನೊಬ್ಬರ ಜಾಬ್ ಕೊಲ್ಲಬೇಡಿ. ಕೇಳಿ, ಅವರು ಒಪ್ಪಿದರೆ ಸರಿ. ಲ್ಯಾಬ್ ನೋಡಿಕೊಳ್ಳುವವರು ತಮ್ಮ ವಿದ್ಯಾರ್ಥಿಗಳ ಜಾಬ್ ಅನ್ನು ಕ್ಯೂ ದಾಟಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆಮೇಲೆ ಯಾವ ನಿಯಮವನ್ನೂ ಯಾರೂ ನಂಬುವುದಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ಯಾರು ಎಷ್ಟು ಬಳಸಿದರು ಅನ್ನುವ ಪಟ್ಟಿಯನ್ನು ಎಲ್ಲರಿಗೂ ಕಳಿಸಿ, ಅಧ್ಯಾಪಕರ ಹೆಸರೂ ಸೇರಿಸಿ.

ಹೊಸಬರು ಬಂದಾಗ, ಹಳಬರು ಹೋಗುವಾಗ

ಹೊಸಬರಿಗೆ ಮೊದಲ ದಿನ ಒಂದು ಪುಟದ ನಿಯಮ ಕೊಟ್ಟು, ಪಕ್ಕದಲ್ಲಿ ಕೂತು 10 ನಿಮಿಷದ ಒಂದು ಜಾಬ್ ಹಾಕಿಸಿ. ಅದನ್ನು ಅವರೇ ಕೊಂದು, ಅವರೇ ಮುಂದುವರಿಸಲಿ. ಮೊದಲ ತಿಂಗಳು ಕೋಟಾ ಸ್ವಲ್ಪ ಕಡಿಮೆ ಇರಲಿ, ಆಮೇಲೆ ಎಲ್ಲರಷ್ಟೇ.

ಹೋಗುವವರದ್ದು ಇನ್ನೂ ಮುಖ್ಯ, ಯಾಕೆಂದರೆ ಅದನ್ನು ಯಾರೂ ನೆನಪಿಡುವುದಿಲ್ಲ. ಕೊನೆಯ ದಿನಕ್ಕೆ 2 ವಾರ ಇರುವಾಗಲೇ ಅವರ ಜೊತೆ ಕೂತು ಫೋಲ್ಡರ್‌ಗಳನ್ನು ನೋಡಿ. ಬೇಕಾದ ಡೇಟಾ ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಲಿ, ಜೊತೆಗೆ ಯಾವ ಫೈಲ್ ಏನು, ಯಾವ ಕೋಡ್‌ನಿಂದ ಬಂತು ಅಂತ ಅವರೇ ಬರೆದ ಒಂದು ಪುಟ ಇರಲಿ. ಫೈಲ್‌ಗಳ ಮಾಲೀಕತ್ವವನ್ನು ಗೈಡ್ ಹೆಸರಿಗೆ ಬದಲಿಸಿ. ಕೊನೆಯ ದಿನ ಸಂಜೆ ಲಾಗಿನ್ ಮುಚ್ಚಿ, ಎಸ್‌ಎಸ್‌ಎಚ್ ಕೀಲಿ ತೆಗೆಯಿರಿ. ಬುಕಿಂಗ್ ಹಾಳೆಯಲ್ಲಿ ಅವರ ಹೆಸರಿನಲ್ಲಿ ಮುಂದಿನ ಸ್ಲಾಟ್ ಏನಾದರೂ ಉಳಿದಿದ್ದರೆ ಅದನ್ನೂ ಅಳಿಸಿ.